ಅಡ್ಡ ತಿರುಗಿಸಿದ ಹಾಳೆ

—ಬೆಳ್ಳುಳ್ಳಿ ವಾಸನೆ, ಎರಡು ಸಲ ಸೋಪು ಹಾಕಿದರೂ ಬೆರಳು ಬಿಟ್ಟಿಲ್ಲ, ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿದ್ದು, ನೂರೈವತ್ತು ವರ್ಷದ ಕಾಗದಕ್ಕೆ ಅಂಟಿಕೊಂಡೀತೆಂದು ನೌರೀನ್ ಕೈ ಹಿಂದಕ್ಕೆಳೆದಳು, ಅಂಟಿದರೆ ಅಂಟಲಿ, ಬರೆದವಳೂ ಗಿಲ್‌ರಾಯ್‌ನವಳೇ ತಾನೆ, ಈಗ ಬೆಳ್ಳುಳ್ಳಿಗೇ ಹೆಸರಾದ ಊರು, ಹೇಮಶ್ರೀ ಮನೆ ಮಾಡಿರುವುದೂ ಅಲ್ಲೇ— ಬೇಡ, ಹೇಮಶ್ರೀ ಬೇಡ, ಕೆಲಸ ಮೊದಲು. ಶನಿವಾರ ಶನಿವಾರ ಸನ್ನಿವೇಲ್‌ನಿಂದ ಸರಟೋಗಾದ ಈ ಪುಟ್ಟ ಲೈಬ್ರರಿಗೆ ಬಂದು ಹಳೆಯ ಪತ್ರ ಓದಿ ಪಟ್ಟಿ ಮಾಡುವುದು, ಪುಕ್ಕಟೆ ಕೆಲಸ, ಅದಕ್ಕೇ ಇಷ್ಟ, ಪೆನ್ನು ಲಾಕರಿನಲ್ಲಿಟ್ಟು ಬನ್ನಿ, ಇಲ್ಲಿ ಪೆನ್ಸಿಲ್ ಮಾತ್ರ, ಲೈಬ್ರರಿಯಾಕೆ ಮೊದಲ ದಿನವೇ ಹೇಳಿದ್ದಳು. ಇಬ್ಬರು ಗೆಳತಿಯರು, ಗಿಲ್‌ರಾಯ್‌ನ ಅಬಿಗೇಲ್ ಕಥೆ ಬರೆಯುವವಳು, ಸರಟೋಗಾದ ಕಾರ್ನೀಲಿಯಾ ಪದ್ಯ ಬರೆಯುವವಳು, ಆರು ವರ್ಷ ಬಿಡದೆ ಕಾಗದ, ಕೋಳಿಗೆ ಕಾಯಿಲೆಯಾದರೂ ಕಾಗದ, ಆಮೇಲೆ ೧೮೭೪ರ ಚಳಿಗಾಲದಲ್ಲಿ ಕಾರ್ನೀಲಿಯಾ ನಿನ್ನ ಕಥೆಯ ಅರ್ಧ ಕಿತ್ತುಹಾಕು ಅಂದಳು, ಅದಕ್ಕೆ ಅಬಿಗೇಲ್ ಕೊಟ್ಟ ಉತ್ತರ ಈ ಹಾಳೆ, ಬರೆದದ್ದರ ಮೇಲೆಲ್ಲ ಅಡ್ಡಡ್ಡ ಗೆರೆ, ಮುಂದೆ ಕಾಗದವೇ ಇಲ್ಲ. ಕೋಪದಿಂದ ಗೀಚಿದ್ದು, ಸ್ನೇಹ ಮುರಿಯಿತು, ಪಟ್ಟಿಯಲ್ಲಿ ಹೋದ ವಾರವೇ ಬರೆದಾಗಿದೆ, ಇವತ್ತು ಒಪ್ಪಿಸಿದರೆ ಮುಗಿಯಿತು, ಇನ್ನೇನು ಮತ್ತೆ, ಮೈಸೂರಿನ ಶಾಲೆಯಲ್ಲಿ ಮೇಷ್ಟ್ರು ಅಡ್ಡಗೆರೆ ಎಳೆದರೆ ಇಡೀ ಪುಟವೇ ತಪ್ಪು. ತನ್ನ ಕೈಯೂ ಅದೇ ಅಭ್ಯಾಸದ್ದು, ತಾನು ಸಂಪಾದಿಸಿದ ಕನ್ನಡ ಕೂಟದ ಸಂಚಿಕೆಗೆ ಹೇಮಶ್ರೀ ಕೊಟ್ಟ ಕಥೆ, ಹನ್ನೆರಡು ಪುಟ, ಕೆಂಪು ಪೆನ್ನಿನಲ್ಲಿ ಹೊಡೆದು ಹೊಡೆದು ಐದು ಮಾಡಿದೆ, ಒಂದು ಮಾತು ಕೇಳಲಿಲ್ಲ, ಅಚ್ಚಾಗಿ ಬಂದ ಮೇಲೂ ಅವಳು ಕೂಗಾಡಲಿಲ್ಲ, ನನ್ ಕತೇಲಿ ನಾನೇ ಇಲ್ವಲ್ಲೇ ನೌರೀನ್, ಅಷ್ಟೇ, ಮಾತು ನಿಂತು ಎರಡು ವರ್ಷವಾಯಿತು, ಕೂಗಾಡಿದ್ದರೆ ವಾಸಿಯಿತ್ತು. ಹೋದ ವಾರ ಇದ್ದಕ್ಕಿದ್ದಂತೆ ಮೆಸೇಜು, ಹೊಸ ಕತೆ ಬರ್ದಿದೀನಿ, ಭಾನುವಾರ ಮನೆಗ್ ಬಾ, ಉತ್ತರ ಕೊಟ್ಟಿಲ್ಲ, ಎಲ್ಲರಿಗೂ ಕಳಿಸಿದ್ದಿರಬೇಕು, ಫ್ರೀವೇಯಲ್ಲಿ ಟ್ರಾಫಿಕ್ಕು ಬೇರೆ, ನೆಪಕ್ಕೇನು ಬರ, ಭಾನುವಾರ ಅಂದರೆ ನಾಳೆಯೇ.

ಮೇಜಿಗೆ ಬಿಸಿಲು ಬಂತು, ಹಾಳೆಯನ್ನು ನೆರಳಿಗೆ ಸರಿಸಲು ತಿರುಗಿಸಿದಳು— ಗೆರೆಯಲ್ಲ, ಅಕ್ಷರ, ಸಾಲು ಸಾಲಾಗಿ ಅಕ್ಷರ, ಹಾಳೆ ತುಂಬಿದ ಮೇಲೆ ಅಡ್ಡ ತಿರುಗಿಸಿ ಬರೆದದ್ದರ ಮೇಲೆಯೇ ಬರೆದಿದ್ದಾಳೆ ಪುಣ್ಯಾತ್ಗಿತ್ತಿ, ಕಾಗದ ಸಾಲದ ಕಾಲದವರು ಹಾಗೆ ಬರೆಯುತ್ತಿದ್ದರು ಎಂದು ಲೈಬ್ರರಿಯಾಕೆ ನಕ್ಕಳು, ಮೊದಲೇ ಹೇಳಬಾರದಿತ್ತೇ ಮಾರಾಯ್ತಿ. ನೌರೀನ್ ಒಂದೊಂದೇ ಪದ ಬಿಡಿಸಿದಳು, ಅರ್ಧ ಕಿತ್ತರೆ ಕಥೆ ಸಾಯುತ್ತದೆ, ನಾನು ಕೀಳುವುದಿಲ್ಲ, ನೀನು ಬಾ, ಇನ್ನು ಕಾಗದ ಬೇಡ, ಓದಿ ಹೇಳುತ್ತೇನೆ, ಕಿಟಕಿಯ ಬಳಿ ನಿನ್ನ ಕುರ್ಚಿ ಹಾಕಿಟ್ಟಿದ್ದೇನೆ. ಕಾರ್ನೀಲಿಯಾ ಹೋದಳೋ ಇಲ್ಲವೋ, ಪಟ್ಟಿಗೆ ಗೊತ್ತಿಲ್ಲ, ನೌರೀನ್ ಸ್ನೇಹ ಮುರಿಯಿತು ಎಂಬುದನ್ನು ರಬ್ಬರಿನಿಂದ ತಿಕ್ಕಿ ತಿಕ್ಕಿ ಅಳಿಸಿದಳು, ಪೆನ್ಸಿಲ್ ಎಷ್ಟು ಒಳ್ಳೆಯದು, ಹೊರಗೆ ಬಂದು ಫೋನು ತೆಗೆದಳು, ತಪ್ಪಾಯ್ತು ಹೇಮಾ, ನಾಳೆ ಬರ್ತೀನಿ, ಕಳಿಸಿದ್ದೇ ತಡ ಉತ್ತರ, ಅಲ್ಲೇ ಕಾಯುತ್ತಿದ್ದವಳ ಹಾಗೆ, ನಿನ್ನೊಬ್ಳಿಗೇ ಕಳ್ಸಿದ್ದು ಕಣೆ, ಕೆಂಪು ಪೆನ್ನು ಮಾತ್ರ ತರ್ಬೇಡ, ಲಾಕರಿನಲ್ಲಿದೆ, ಅಲ್ಲೇ ಇರಲಿ, ನಾಳೆ ಹನ್ನೆರಡು ಪುಟವಿದ್ದರೂ ಕೇಳುತ್ತೇನೆ, ಇಪ್ಪತ್ತಿದ್ದರೂ ಕೇಳುತ್ತೇನೆ, ಬಾಯಿ ಮುಚ್ಚಿಕೊಂಡು, ಕಿಟಕಿಯ ಬಳಿ, ಕಿಟಕಿಯ ಬಳಿ ಒಂದು ಕುರ್ಚಿ—