ಅಮೃತೇಶರ ತೋಟದಲ್ಲಿ ಬ್ರೆಜಿಲ್

ಬ್ರೆಜಿಲ್ ಸಂಗೀತದ ಸಂಜೆ ಎಂದು ಕರೆದಿದ್ದ ಕೂಟದಲ್ಲಿ ಬ್ರೆಜಿಲಿನವರು ಒಬ್ಬರೂ ಇರಲಿಲ್ಲ. ಬರಬೇಕಾದವನು ಒಬ್ಬನಿದ್ದ, ಮೈಸೂರಿಗೆ ಯೋಗ ಕಲಿಯಲು ಬಂದವನು. ದೊಡ್ಡ ಡೋಲು ಬಾರಿಸುವವನೂ ಅವನೇ. ಹೊಟ್ಟೆ ಕೆಟ್ಟು, ಡೋಲನ್ನೂ ಪಕ್ಕದಲ್ಲಿಟ್ಟುಕೊಂಡು ಮೈಸೂರಿನಲ್ಲೇ ಮಲಗಿದ್ದ. ಇದನ್ನು ಗೇಟಿನಲ್ಲಿ ಕೇಳಿದ ಕೂಡಲೇ ಸಂಘಮಿತ್ರಾಗೆ ಸ್ಕೂಟರ್ ತಿರುಗಿಸಿ ತಿ. ನರಸೀಪುರದ ದಾರಿ ಹಿಡಿಯೋಣ ಅನ್ನಿಸಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಇಳಿದ ಅವಳ ತಮ್ಮ ಗುರು, ವಾದ್ಯದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಹೋಗಿಯೇಬಿಟ್ಟಿದ್ದ.

ಪೆಟ್ಟಿಗೆಯಲ್ಲಿದ್ದದ್ದು ಕವಾಕಿನ್ಯೊ ಅನ್ನುವ ನಾಲ್ಕು ತಂತಿಯ ವಾದ್ಯ, ನೋಡಲಿಕ್ಕೆ ಗಿಟಾರಿನ ಮರಿ. ಸಹಕಾರ ಸಂಘದಲ್ಲಿ ಗುಮಾಸ್ತನಾಗಿರುವ ಗುರು ಒಂದು ವರ್ಷದಿಂದ ಮೊಬೈಲ್ ನೋಡಿಕೊಂಡು ಅದನ್ನು ಕಲಿತಿದ್ದ. ಸಂಘಮಿತ್ರಾ ಹೈಸ್ಕೂಲ್ ಟೀಚರ್. ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಒಂದೇ ತುಣುಕನ್ನು ಕೇಳಿ ಕೇಳಿ ಅವಳ ತಲೆ ಚಿಟ್ಟುಹಿಡಿದಿತ್ತು. "ಲೇ, ಊರಲ್ಲಿ ಯಾರೂ ಕಾಣದ ವಾದ್ಯ ಕಲ್ತು ಯಾರ್ ಮದ್ವೇಲಿ ನುಡಿಸ್ತೀಯೋ?" ಎಂದು ಎಷ್ಟೋ ಸಲ ಬೈದಿದ್ದಳು. ಅವನು ನಕ್ಕು ಮತ್ತೆ ಮೊದಲಿನಿಂದ ನುಡಿಸುತ್ತಿದ್ದ. ಅವನಿಗಿದ್ದ ಆಸೆ ಒಂದೇ, ನಾಲ್ಕು ಜನರ ಜೊತೆ ಕೂತು ಒಂದು ಸಲ ನುಡಿಸಬೇಕು. ಒಬ್ಬನೇ ನುಡಿಸಿಕೊಂಡರೆ ಅದು ಬ್ರೆಜಿಲಿನ ಸಾಂಬಾ ಸಂಗೀತವೇ ಅಲ್ಲವಂತೆ. ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸಬೇಕಂತೆ. ನಂಜನಗೂಡಿನ ಅಕ್ಕಿ ಗಿರಣಿಯ ಮಾಲೀಕ ಅಮೃತೇಶ್ ಚಿಕ್ಕಯ್ಯನಛತ್ರದ ಹತ್ತಿರವಿರುವ ತಮ್ಮ ತೋಟದ ಮನೆಯಲ್ಲಿ ಇಂಥ ಕೂಟ ಮಾಡುತ್ತಾರೆಂದು ತಿಳಿದು, ಫೋನಿನಲ್ಲಿ ಅಂಗಲಾಚಿ ಒಂದು ಕುರ್ಚಿಯ ಮಾತು ಪಡೆದುಕೊಂಡಿದ್ದ.

ಅಮೃತೇಶ್ ಗಿಣಿಗಳ ಚಿತ್ರವಿದ್ದ ಅಂಗಿ ತೊಟ್ಟು, ಹುಲ್ಲಿನ ಹ್ಯಾಟು ಇಟ್ಟುಕೊಂಡು ನಿಂತಿದ್ದರು. ಕೈಯಲ್ಲೊಂದು ಗಿಲಕಿ. ಮೈಸೂರಿನಿಂದ ಕಾರುಗಳಲ್ಲಿ ಬಂದಿದ್ದ ಜನರಿಗೆ ಅವರು ಮೊದಲು ಭಾಷಣ ಮಾಡಿದರು. "ಈ ಸಂಗೀತ ಹುಟ್ಟಿದ್ದು ಗುಲಾಮರ ಕೇರಿಯಲ್ಲಿ. ಇದಕ್ಕೆ ಜಾತಿ ಇಲ್ಲ, ಧರ್ಮ ಇಲ್ಲ. ಈ ಮೇಜಿನ ಸುತ್ತ ಎಲ್ಲರೂ ಒಂದೇ." ಆಮೇಲೆ ಬ್ರೆಜಿಲಿನ ಊಟ. ಅಲ್ಲಿನವರು ಕಾಳಿನ ಜೊತೆ ಹಂದಿಮಾಂಸ ಹಾಕಿ ಬೇಯಿಸುತ್ತಾರಂತೆ. ಇಲ್ಲಿ ಅಲಸಂದೆ ಕಾಳಿಗೆ ಬದನೆಕಾಯಿ ಬಿದ್ದಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದುಕೊಂಡು ಸಂಘಮಿತ್ರಾ ಎರಡನೇ ಸೌಟು ಹಾಕಿಸಿಕೊಂಡಳು. ಸಾರು ಮಾತ್ರ ಚೆನ್ನಾಗಿತ್ತು. ಮಾಡಿದವರು ಅಮೃತೇಶರ ತಾಯಿ ಗುರುಬಸಮ್ಮ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಆ ಹೆಂಗಸು ಮಗನ ಹ್ಯಾಟನ್ನು ಆಗಾಗ ನೋಡಿ ಮತ್ತೆ ಅವರೆಕಾಯಿಯ ಕಡೆ ತಿರುಗುತ್ತಿದ್ದರು.

ಗುರು ಪೆಟ್ಟಿಗೆ ತೆರೆಯುತ್ತಿದ್ದಾಗ ಅಮೃತೇಶ್ ಹತ್ತಿರ ಬಂದರು.

"ನಿಮ್ಮದು ನರಸೀಪುರನೇನಾ?"

"ಈಗ ಅಲ್ಲೇ ಸಾ. ಮೂಲ ಮೂಗೂರ್ ಕಡೆ."

"ಯಾರ ಪೈಕಿ? ತಂದೆ ಹೆಸರು?"

ತಂದೆಯ ಹೆಸರು ದೇವಯ್ಯ ಎಂದ ಗುರು, ಬೀದಿಯ ಹೆಸರನ್ನೂ ಹೇಳಿದ. ಇಂಥ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಸಂಘಮಿತ್ರಾಗೆ ಬಾಯಿಪಾಠವಾಗಿತ್ತು. ಈ ಸಲ ಮಾತ್ರ ಅದು ಬೇರೆ ಕಡೆ ಹೋಯಿತು. ಅಮೃತೇಶರ ಮುಖ ಅರಳಿಬಿಟ್ಟಿತು.

"ಅಯ್ಯೋ, ಮೊದಲೇ ಹೇಳಬಾರದಾ? ತಾಳ ನಿಮ್ಮ ರಕ್ತದಲ್ಲೇ ಇದೆಯಲ್ರೀ! ಡೋಲಿನವನು ಬಂದಿಲ್ಲ ಅಂತ ನಾನು ಒದ್ದಾಡ್ತಿದ್ದೆ."

ಕೆಲಸದ ಚನ್ನಯ್ಯನನ್ನು ಕೂಗಿ, ಹಜಾರದ ಗೋಡೆಗೆ ಅಲಂಕಾರಕ್ಕೆಂದು ತೂಗುಹಾಕಿದ್ದ ತಮಟೆಯನ್ನು ಇಳಿಸಲು ಹೇಳಿದರು.

ಸಂಘಮಿತ್ರಾಗೆ ಮೈಯೆಲ್ಲ ಉರಿಯಿತು. ಅವಳು ಚಿಕ್ಕವಳಿದ್ದಾಗ, ಗುರು ಇನ್ನೂ ತೊಟ್ಟಿಲಲ್ಲಿದ್ದಾಗ, ಅವಳ ಅಪ್ಪ ಊರಿನ ಹೆಣಗಳ ಮುಂದೆ ತಮಟೆ ಬಾರಿಸುವುದನ್ನು ಬಿಟ್ಟವನು. ಬುದ್ಧನ ಪಟ ಮನೆಗೆ ಬಂದ ವರ್ಷ ಅದು. ಬಾರಿಸುವುದಿಲ್ಲ ಎಂದದ್ದಕ್ಕೆ ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಊರನ್ನೇ ಬಿಟ್ಟು ನರಸೀಪುರ ಸೇರಿದರು. "ನನ್ ಮಕ್ಳು ಪೆನ್ ಇಡ್ಕಂಡ್ ಬದುಕ್ಲಿ, ಇದರ ಸಾವಾಸ್ವೇ ಬ್ಯಾಡ" ಎಂದಿದ್ದ ದೇವಯ್ಯ, ಮಗನಿಗೆ ತಮಟೆ ಹಿಡಿಯುವುದು ಹೇಗೆಂದು ಕೂಡ ತೋರಿಸಿರಲಿಲ್ಲ.

"ಒಂದೆರಡು ಹಾಡು ಬಾರಿಸಿ, ಆಮೇಲೆ ನಿಮ್ಮ ತಂತಿ ನೋಡೋಣ" ಎಂದರು ಅಮೃತೇಶ್.

ಗುರು ಅಕ್ಕನ ಕಡೆ ನೋಡಿದ. ಬೇಡ ಎಂದು ಅವಳು ತಲೆಯಾಡಿಸಿದಳು. ಅವನು ಮೇಜಿನ ಸುತ್ತಲಿನ ಕುರ್ಚಿಗಳನ್ನೊಮ್ಮೆ ನೋಡಿ, ತಮಟೆ ಹೆಗಲಿಗೆ ಹಾಕಿಕೊಂಡ. ದಡ್ಡ ಮುಂಡೇದು, ಅಪ್ಪ ಊರು ಬಿಟ್ಟದ್ದು ಇದಕ್ಕೇನಾ ಎಂದು ಸಂಘಮಿತ್ರಾ ಹಲ್ಲು ಕಚ್ಚಿದಳು.

ಹಾಡು ಶುರುವಾಯಿತು. ಮೈಸೂರಿನಿಂದ ಬಂದಿದ್ದ ಪಲ್ಲವಿ ಎಂಬವಳು ಅರ್ಥವಾಗದ ಭಾಷೆಯಲ್ಲಿ ಹಾಡಿದಳು, ಕಿರಣ್ ಎಂಬವನು ಗಿಟಾರ್ ನುಡಿಸಿದ, ಗುರು ಬಾರಿಸಿದ. ದೇವರೇ, ಅದೆಂಥ ಬಾರಿಸುವಿಕೆ! ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಬೇಕು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ತಂಡಿ ಹಿಡಿದಿದ್ದ ಚರ್ಮ ಒದ್ದೆ ಚಾಪೆಯ ಹಾಗೆ ಸದ್ದು ಮಾಡಿತು. ತಾಳ ಒಂದು ಕಡೆ, ಅವನು ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವನಿಗೆ ಹಣೆಯಲ್ಲಿ ಬೆವರು, ಅಕ್ಕನಿಗೆ ಕಿವಿಯಲ್ಲಿ ಬೆಂಕಿ.

ಕೂತಿದ್ದವರು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಕಿರಣ್ ಎದ್ದು ಬಂದು ಗುರುವಿನ ಕೈ ಕುಲುಕಿದ. "ಏನು ತಾಳದ ಲೆಕ್ಕಾಚಾರ ಗುರೂ! ನನಗೆ ಹಿಡಿಯೋಕೇ ಆಗಲಿಲ್ಲ." ಪಲ್ಲವಿಯ ಕಣ್ಣು ತುಂಬಿತ್ತು. "ಇದು ಕಲಿತು ಬರೋದಲ್ಲ, ಮಣ್ಣಿಂದ ಬರೋದು" ಎಂದಳು. ಸಂಘಮಿತ್ರಾಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು. ಒಂದು ವರ್ಷ ಬೆರಳು ಸವೆಸಿ ಕಲಿತದ್ದನ್ನು ಇವರು ಕೇಳಲಿಲ್ಲ. ಬರದೇ ಇದ್ದದ್ದನ್ನು ಕೇಳಿ ಕಣ್ಣೀರಿಟ್ಟರು.

"ಸಾ, ಈಗ ನನ್ನ ವಾದ್ಯ" ಎಂದ ಗುರು.

"ತಂತಿಗೆ ಕಿರಣ್ ಇದ್ದಾನಲ್ಲ" ಎಂದರು ಅಮೃತೇಶ್, ಬಹಳ ಪ್ರೀತಿಯಿಂದಲೇ. "ನೀವು ಹೀಗೇ ನಿಂತುಕೊಂಡು ಬಾರಿಸಿ. ಅದೇ ಲಕ್ಷಣ."

ಗುರು ತಮಟೆಯನ್ನು ಹೆಗಲಿಂದ ಇಳಿಸಿದ.

"ಸಾ, ನನಗೆ ತಮಟೆ ಬರಲ್ಲ. ಮುಟ್ಟಿದ್ದೇ ಇವತ್ತು."

"ನೋಡಿ, ಏನು ವಿನಯ!" ಎಂದು ಯಾರೋ ನಕ್ಕರು.

"ನಿಜ ಸಾ. ಬರದೆ ಇರೋ ನಾನೇ ಬಾರಿಸಿ ಇಷ್ಟು ಚಪ್ಪಾಳೆ ಬಿತ್ತು ಅಂದ್ಮೇಲೆ ಯಾರ್ ಬೇಕಾದ್ರೂ ಬಾರಿಸಬೌದು. ನೀವು ಇದ್ನ ಎಗಲಿಗೆ ಆಕ್ಕಳಿ, ನಾನ್ ತಂತಿ ಇಡ್ಕತೀನಿ."

ಹೀಗೆಂದು ತಮಟೆಯನ್ನು ಎರಡೂ ಕೈಯಲ್ಲಿ ಅಮೃತೇಶರ ಮುಂದೆ ಚಾಚಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಕುರ್ಚಿ ಸಿಕ್ಕರೆ ಸಾಕಾಗಿತ್ತು ಅವನಿಗೆ.

ಅಮೃತೇಶ್ ಒಂದು ಹೆಜ್ಜೆ ಹಿಂದೆ ಸರಿದರು. ಗಿಲಕಿ ಹಿಡಿದಿದ್ದ ಕೈ ಬೆನ್ನ ಹಿಂದೆ ಹೋಯಿತು.

"ಅಲ್ಲ... ನಾವು ಅದನ್ನ... ಹೆಗಲಿಗೆ..." ದನಿ ತಗ್ಗಿಸಿದರು. "ಅವ್ವ ಇದ್ದಾರೆ. ಅವರಿಗೆ ಸರಿಬರಲ್ಲ."

ಜಗಲಿಯಿಂದ ಗುರುಬಸಮ್ಮನ ಮಾತು ತೂರಿಬಂತು. "ನನ್ ಎಸರ್ ಯಾಕ್ಲಾ ಏಳೀಯೆ? ನಾನೇನ್ ಬ್ಯಾಡ ಅಂದ್ನಾ? ಗ್ವಾಡೆಗೆ ಆಕ್ದಾಗ್ಲೂ ಸುಮ್ನಿದ್ದೆ, ಈಗ್ಲೂ ಸುಮ್ನಿವ್ನಿ. ಬಾರಿಸಂಗಿದ್ರೆ ಬಾರಿಸು, ಇಲ್ದಿದ್ರೆ ನಿನ್ ಕೈಲಾಗಕಿಲ್ಲ ಅನ್ನು."

ಅಮೃತೇಶ್ ಮಣಿಕಟ್ಟು ನೋವು ಎಂದೇನೋ ಹೇಳಿ, ಕಾಫಿ ಬಂತೇ ನೋಡುತ್ತೇನೆಂದು ಒಳಗೆ ಹೋದರು. ಗುರು ತಮಟೆಯನ್ನು ಮೇಜಿನ ನಡುವೆ ಇಟ್ಟು, ಅವರಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕೂತ. ಕವಾಕಿನ್ಯೊ ಎತ್ತಿ ತಂತಿ ಸರಿಮಾಡಿಕೊಂಡು, ಕಿರಣ್‌ನ ಮುಖ ನೋಡಿದ. ಕಿರಣ್ ನೆಲ ನೋಡಿದ. ಪಲ್ಲವಿ ಮೊಬೈಲ್ ನೋಡಿದಳು. ಗುರು ಶುರುಮಾಡಿದ.

ಮನೆಯಲ್ಲಿ ಸಾವಿರ ಸಲ ಕೇಳಿದ್ದ ಅದೇ ತುಣುಕು. ಎಲ್ಲಿ ತಡವರಿಸುತ್ತಾನೆ, ಎಲ್ಲಿ ಸಲೀಸಾಗಿ ಓಡುತ್ತಾನೆ ಎಲ್ಲವೂ ಸಂಘಮಿತ್ರಾಗೆ ಗೊತ್ತಿತ್ತು. ಇವತ್ತು ಎಲ್ಲೂ ತಡವರಿಸಲಿಲ್ಲ. ಅವಳು ಎದ್ದು ಹೋಗಿ ಅವನ ಎದುರಿನ ಖಾಲಿ ಕುರ್ಚಿಯಲ್ಲಿ, ಮುಖಕ್ಕೆ ಮುಖ ಕೊಟ್ಟು ಕೂತಳು. ಮಣ್ಣು, ರಕ್ತ ಎಂದು ಕಣ್ಣು ಮುಚ್ಚಿದ್ದ ಅಷ್ಟು ಜನರ ನಡುವೆ, ಕೈಗೆಟಕುವಷ್ಟೇ ದೂರದಲ್ಲಿ ತಮಟೆ ಬಿದ್ದಿತ್ತು. ಹಾಡು ಮುಗಿಯುವವರೆಗೂ ಒಬ್ಬರೂ ಅದನ್ನು ಮುಟ್ಟಲಿಲ್ಲ.