ಬಚ್ಚಲ ಕಿಂಡಿ

ಬಾಡಿಗೆಗೆ ಮನೆ ಕೊಟ್ಟವನ ಕಷ್ಟ ಬಾಡಿಗೆಗಿರುವವರಿಗೆ ಎಲ್ಲಿ ಗೊತ್ತಾಗಬೇಕು? ನಲ್ಲಿ ಸೋರಿದರೂ ನಾನೇ, ಇಲಿ ಬಂದರೂ ನಾನೇ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದು, ಹೊಟ್ಟೆ ಬಟ್ಟೆ ಕಟ್ಟಿ ಎರಡಂತಸ್ತಿನ ಮನೆ ಕಟ್ಟಿಸಿದೆ. ಮೇಲೆ ನಾನು, ನನ್ನವಳು, ಕೆಳಗೆ ಬಾಡಿಗೆ. ರಿಪೇರಿಗೆ ಯಾರನ್ನೂ ಕರೆದವನಲ್ಲ. ಕೈಯಲ್ಲಿ ಕಸುಬಿರುವಾಗ ಕೂಲಿ ಯಾಕೆ ಕೊಡಬೇಕು?

ಕೆಳಗೆ ಒಬ್ಬಳು ಟೀಚರ್ ಇದ್ದಳು. ಒಬ್ಬಳಿಗೆ ಅಷ್ಟು ದೊಡ್ಡ ಮನೆ ಯಾಕೆ ಎಂದು ಹೋದ ಬೇಸಿಗೆಯಲ್ಲಿ ನಡುವೆ ಗೋಡೆ ಎಬ್ಬಿಸಿ ಅದನ್ನು ಎರಡು ಮಾಡಿದೆ. ಪಕ್ಕದ ಭಾಗಕ್ಕೆ ಮೊಬೈಲ್ ರಿಪೇರಿಯವನೂ ಅವನ ಹೆಂಡತಿಯೂ ಬಂದರು. ಹಿಂದಿನ ಬಟ್ಟೆ ಒಗೆಯುವ ಜಾಗಕ್ಕೆ ಸೂರು ಹೊದಿಸಿ ಅವರಿಗೆ ಅಡುಗೆಮನೆ ಮಾಡಿಕೊಟ್ಟೆ. ಅಲ್ಲೇ ಎಡವಟ್ಟಾಯಿತು. ಟೀಚರ್ ಬಚ್ಚಲಿಗಿದ್ದ ಒಂದೇ ಒಂದು ಕಿಂಡಿ ಈಗ ನೆಟ್ಟಗೆ ಅವರ ಒಲೆಯ ಮೇಲೆ ತೆರೆಯುತ್ತಿತ್ತು.

“ಅಂಕಲ್, ಅವರ ಸೋಪಿನ ಆವಿಯೆಲ್ಲ ನಮ್ಮ ಅಡುಗೆ ಮೇಲೆ ಬೀಳತ್ತೆ. ಕಿಂಡಿ ಮುಚ್ಚಿ, ಇಲ್ದಿದ್ರೆ ನಾವು ಬೇರೆ ಮನೆ ನೋಡ್ಕೋತೀವಿ,” ಎಂದಳು ರಿಪೇರಿಯವನ ಹೆಂಡತಿ.

ಅವತ್ತೇ ಪ್ಲೈವುಡ್ ಹಲಗೆ ಕೊಯ್ದು, ಬಚ್ಚಲಿನ ಒಳಗಿಂದ ಕಿಂಡಿಗೆ ಇಟ್ಟು ಆರು ಮೊಳೆ ಹೊಡೆದೆ. ಅಂಚಿನಲ್ಲಿ ಗಾಳಿಯೂ ನುಸುಳದ ಹಾಗೆ ಅಂಟು ಮೆತ್ತಿದೆ. ಕೆಲಸ ಅಚ್ಚುಕಟ್ಟಾಗಿತ್ತು.

“ಅಂಕಲ್, ಒಳಗೆ ಗ್ಯಾಸ್ ಗೀಸರ್ ಇದೆಯಲ್ಲ, ಅದರ ಹೊಗೆ ಹೋಗೋಕೆ ಗಾಳಿ ಬೇಡ್ವಾ?” ಎಂದಳು ಟೀಚರ್.

“ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ. ಭಾನುವಾರ ಆ ಕಡೆ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಕೊಡ್ತೀನಿ.”

ಅಡ್ಜಸ್ಟ್! ಮನೆ ಮಾಲೀಕನಾದವನು ದಿನಕ್ಕೆ ಹತ್ತು ಸಲ ಹೇಳುವ ಮಾತು. ನೀರು ಬರದಿದ್ದರೆ ಅಡ್ಜಸ್ಟ್, ಬಾಗಿಲು ಸರಿಯಾಗಿ ಕೂರದಿದ್ದರೆ ಅಡ್ಜಸ್ಟ್. ಆ ಹುಡುಗಿಯೂ ಅಡ್ಜಸ್ಟ್ ಮಾಡಿಕೊಂಡಳು. ಭಾನುವಾರ ಬಂತು, ರಿಪೇರಿಯವನ ಸಿಂಕ್ ಕಟ್ಟಿಕೊಂಡಿತ್ತು. ಮುಂದಿನ ವಾರ ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಅವಳು, ಸ್ನಾನ ಮಾಡಿದರೆ ತಲೆನೋವು ಬರುತ್ತದೆ ಎಂದಳು. “ಖಾಲಿ ಹೊಟ್ಟೇಲಿ ಸ್ನಾನ ಮಾಡ್ತೀಯ, ಇನ್ನೇನಾಗತ್ತೆ?” ಎಂದೆ. ಇನ್ನೊಂದು ದಿನ, ಕಣ್ಣು ಕತ್ತಲೆ ಬಂತು ಎಂದಳು. ನನಗೆ ರೇಗಿತು. ಇವರಿಗೆಲ್ಲ ಬೆರಳು ಕೊಟ್ಟರೆ ಹಸ್ತವನ್ನೇ ನುಂಗುತ್ತಾರೆ.

ನನ್ನವಳು ಮಾತ್ರ ಬಿಡಲಿಲ್ಲ. “ರೀ, ಅವಳ ಮುಖ ನೋಡಿದ್ರಾ? ಹೇಗೆ ಬಿಳಿಚಿಕೊಂಡಿದೆ! ಆ ಹಲಗೆ ಕಿತ್ತು ಬಿಸಾಕಿ.”

“ಕಿತ್ರೆ ಪಕ್ಕದವರು ಮನೆ ಖಾಲಿ ಮಾಡ್ತಾರೆ ಕಣೇ.”

“ಇವಳ ಜೀವಕ್ಕೇ ಏನಾದ್ರೂ ಆದ್ರೆ?”

“ಬಿಡ್ತು ಅನ್ನು!” ಎಂದು ಗದರಿದೆ. ಆದರೆ ಅವತ್ತಿನಿಂದ, ಬೆಳಿಗ್ಗೆ ಕೆಳಗೆ ನೀರು ಬೀಳುವ ಸದ್ದು ಕೇಳಿದರೆ ಕೈಯಲ್ಲಿದ್ದ ಪೇಪರ್ ತಲೆಗೆ ಹತ್ತುತ್ತಿರಲಿಲ್ಲ. ನೀರು ನಿಂತು, ಬಚ್ಚಲಿನ ಚಿಲಕ ತೆಗೆದ ಸದ್ದು ಕೇಳಿದ ಮೇಲೆಯೇ ಮುಂದಿನ ಸಾಲು. ನನಗೆ ಭಯವಾಗಿತ್ತು. ಒಪ್ಪಿಕೊಳ್ಳಲು ಜಂಬ ಬಿಡಲಿಲ್ಲ.

ಮಗಳ ತಲೆನೋವಿನ ಸುದ್ದಿ ಕೇಳಿ ಟೀಚರ್ ತಾಯಿ ಊರಿಂದ ಬಂದರು. ಬಂದ ಮರುದಿನ ಬೆಳಿಗ್ಗೆ ಕೆಳಗೆ ನೀರಿನ ಸದ್ದು ಶುರುವಾಯಿತು. ಪೇಪರ್ ಹಿಡಿದು ಕೂತೆ. ಸದ್ದು ನಿಲ್ಲಲೇ ಇಲ್ಲ.

“ಬಾಗ್ಲು ತೆಗೀತಿಲ್ಲ! ಯಾರಾದ್ರೂ ಬನ್ನಿ!” ಎಂದು ಆ ತಾಯಿ ಕೂಗಿದರು.

ಹಾರೆ ಹಿಡಿದು ಮೆಟ್ಟಿಲಿಳಿದೆ. ಪಕ್ಕದವರು ಅಂಗಡಿಗೆ ಹೋಗಿಯಾಗಿತ್ತು. ಎರಡು ಏಟಿಗೆ ಚಿಲಕ ಕಿತ್ತುಬಂತು. ಹುಡುಗಿ ನೆಲದ ಮೇಲೆ ಬಿದ್ದಿದ್ದಳು. ಬಕೆಟ್ ತುಂಬಿ ಹರಿಯುತ್ತಿತ್ತು. ಗೀಸರ್ ಆರಿಸಿದೆ, ಟವೆಲ್ ಹೊದಿಸಿದೆ. ಎದೆ ಮೆಲ್ಲಗೆ ಏರಿಳಿಯುತ್ತಿತ್ತು. ಜೀವ ಇತ್ತು.

ಎತ್ತಿ ಹೊರಗೆ ತರಬೇಕಿತ್ತು. ಎರಡು ಹೆಜ್ಜೆ, ಅಷ್ಟೇ. ಅಷ್ಟರಲ್ಲಿ ಹಲಗೆ ಕಣ್ಣಿಗೆ ಬಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಪೊಲೀಸರು, ಬೀದಿಯವರು ಎಲ್ಲ ಬಂದು ಇಲ್ಲೇ ನಿಂತು, ಇದನ್ನು ಹೊಡೆದವರು ಯಾರು ಎಂದು ಕೇಳುತ್ತಾರೆ.

“ಅಮ್ಮ, ನೀವು ರಸ್ತೆಗೆ ಓಡಿ, ಯಾವ್ದಾದ್ರೂ ಗಾಡಿ ನಿಲ್ಸಿ!” ಎಂದೆ. ಆಕೆ ಬರಿಗಾಲಲ್ಲಿ ಓಡಿದರು. ನಾನು ಹಾರೆಯನ್ನು ಹಲಗೆಯ ಸಂದಿಗೆ ತೂರಿಸಿದೆ. ಐದು ಮೊಳೆ ಬಂದವು. ಆರನೆಯದು ಜಪ್ಪಯ್ಯ ಅಂದರೂ ಬರಲಿಲ್ಲ. ನಾನು ಹೊಡೆದ ಮೊಳೆ, ಅಷ್ಟು ಸುಲಭಕ್ಕೆ ಬಂದೀತೇ? ಮೈಭಾರವೆಲ್ಲ ಹಾಕಿ ಎಳೆದ ಮೇಲೆ ಅದೂ ಕಿತ್ತುಬಂತು. ಗಾಳಿ ಬರಲೆಂದು ಕಿತ್ತೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಗಾಳಿ ಒಡೆದ ಬಾಗಿಲಿನಿಂದಲೇ ಬರುತ್ತಿತ್ತು.

ಹಲಗೆ ಹಿಡಿದು ತಿರುಗಿದರೆ ಬಾಗಿಲಲ್ಲಿ ನನ್ನವಳು. ಹಲಗೆ ನೋಡಿದಳು, ನೆಲದ ಮೇಲಿದ್ದವಳನ್ನು ನೋಡಿದಳು. “ಪಾಪಿ,” ಎಂದಳು. ನನ್ನನ್ನು ಪಕ್ಕಕ್ಕೆ ತಳ್ಳಿ, ಹುಡುಗಿಯ ಕಂಕುಳಿಗೆ ಕೈ ಕೊಟ್ಟು ಒಬ್ಬಳೇ ಹೊರಗೆಳೆದಳು. ಅಷ್ಟು ಹೊತ್ತಿಗೆ ಎದೆ ಅಲುಗುತ್ತಿರಲಿಲ್ಲ.

ಪೊಲೀಸಿನವನು ಬಂದು ಬಚ್ಚಲು ನೋಡಿ, “ಕಿಂಡಿ ತೆರೆದೇ ಇದೆಯಲ್ಲ,” ಎಂದು ಬರೆದುಕೊಂಡು ಹೋದ. ಸಂಜೆ ರಿಪೇರಿಯವನು ಕಿಂಡಿ ನೋಡಿದ, ನನ್ನನ್ನು ನೋಡಿದ, ಬಾಯಿಗೆ ಬೀಗ ಹಾಕಿಕೊಂಡ. “ಆ ತಾಯಿಗೆ ನೀವೇ ಹೇಳ್ಬೇಕು. ನಿಮ್ಮ ಬಾಯಿಂದಾನೇ ಬರ್ಬೇಕು,” ಎಂದಷ್ಟೇ ಹೇಳಿ ನನ್ನವಳು ಮಾತು ಬಿಟ್ಟಳು.

ನಾಲ್ಕನೆಯ ದಿನ ಆ ತಾಯಿ ಮನೆಯ ಬೀಗದ ಕೈ ಕೊಡಲು ಮೇಲೆ ಬಂದರು. ಕೂರಿ ಎಂದರೂ ಕೂರಲಿಲ್ಲ.

“ಅಣ್ಣಾ, ಬಿಸಿ ನೀರು ಹಾಕ್ಕೊಂಡ್ರೆ ತಲೆನೋವು ಹೋಗತ್ತೆ, ನಿಧಾನವಾಗಿ ಸ್ನಾನ ಮಾಡು ಅಂತ ನಾನೇ ಅಂದೆ. ಬೇಡಮ್ಮ ಅಂದ್ಲು. ನಾನೇ ಬಲವಂತ ಮಾಡಿ ಕಳಿಸಿದೆ. ಒಳಗೆ ಹೋಗಿ ನೋಡಿದೋರು ನೀವು, ಹೇಳಿ ಅಣ್ಣಾ. ನನ್ನ ಮಗಳನ್ನ ನಾನೇ ಅಲ್ವಾ ಕೊಂದಿದ್ದು?”

ನನ್ನವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ಕಾದರು. ಆಮೇಲೆ, ಗೊತ್ತಾಯಿತು ಎನ್ನುವ ಹಾಗೆ ತಲೆಯಾಡಿಸಿ, ಬೀಗದ ಕೈ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದರು.