ದಿನವೂ ಆಡಿದವನು

"ಕಾಸ್ಟಿಗನ್‌ಗೇ ಕೊಡ್ಬೇಕಿತ್ತು," ಎಂದಳು ಡೊಲೊರೆಸ್, ಕಡಲೆಕಾಯಿ ಸುಲಿಯುತ್ತ. "ನಿನ್ನ ಡೂಬಿಯೆಲ್‌ಗೆ ಕೊಟ್ಟಿದ್ದು ಶುದ್ಧ ಅನ್ಯಾಯ."

ಕಿಟಕಿಯ ಪಕ್ಕ ಕೂತಿದ್ದ ಗಂಡ ಕ್ಯಾಸ್ ತಿರುಗಿಯೂ ನೋಡಲಿಲ್ಲ.

ಐವತ್ತೊಂದು ವರ್ಷದ ಜಗಳ ಅದು. ಇವರ ಮದುವೆಯಾದ ವರ್ಷ ಬೇಸ್‌ಬಾಲಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಡೂಬಿಯೆಲ್‌ಗೆ ಬಂದಿತ್ತು. ಅವನು ಚೆಂಡೆಸೆಯುವವನು, ತೋಳಿಗೆ ವಿಶ್ರಾಂತಿ ಬೇಕೆಂದು ನಾಲ್ಕು ದಿನಕ್ಕೊಮ್ಮೆ ಮಾತ್ರ ಆಡುತ್ತಿದ್ದ. ಕಾಸ್ಟಿಗನ್ ದಿನವೂ ಆಡುವ ಬ್ಯಾಟುಗಾರ, ಬೆರಳು ಮುರಿದುಕೊಂಡೂ ಒಂದು ಆಟವನ್ನೂ ತಪ್ಪಿಸಿದವನಲ್ಲ. ಡೊಲೊರೆಸ್ ಅವನ ಕಡೆ. ಇದೊಂದು ಮಾತಿಗೆ ಗಂಡ ಹೆಂಡತಿ, ಒಲೆಯ ಮೇಲಿನ ಸಾಸೇಜು ಸೀದು ಕರಕಲಾಗುವ ತನಕ ಕಚ್ಚಾಡಿದ್ದುಂಟು.

ಈಗ ಹಾಳು ಮರೆವಿನ ಕಾಯಿಲೆ ಎಲ್ಲವನ್ನೂ ತಿಂದು ಹಾಕಿದೆ. ಕ್ಯಾಸ್‌ಗೆ ಮಗಳ ಹೆಸರು ಮರೆತಿದೆ, ಮಿಲ್ವಾಕಿಯ ಸ್ವಂತ ಮನೆ ಮರೆತಿದೆ. ಎರಡು ವರ್ಷದಿಂದ ಈ ವೃದ್ಧಾಶ್ರಮವೇ ಗತಿ. ಆದರೆ ಕಾಸ್ಟಿಗನ್ ಹೆಸರೆತ್ತಿದರೆ ಸಾಕು, ಮುದುಕ ಉರಿದು ಬೀಳುತ್ತಿದ್ದ. "ಹೋಗೇ ದಡ್ಡಿ, ನಿಂಗೇನ್ ಗೊತ್ತು ಆಟ?" ಎನ್ನುತ್ತಿದ್ದ. ಹಾಗೆ ಬೈಸಿಕೊಳ್ಳಲೆಂದೇ ಅವಳು ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಜಗತ್ತಿನಲ್ಲಿ ಇನ್ಯಾರನ್ನೂ ಅವನು ಹಾಗೆ ಬೈದವನಲ್ಲ. ಆ ಬೈಗುಳ ಇರುವ ತನಕ ತಾನಿನ್ನೂ ಅವನ ಹೆಂಡತಿ ಎಂದು ಅವಳಿಗೊಂದು ಧೈರ್ಯ.

"ಕೇಳಿಸ್ತೇನೋ? ನಾಲ್ಕು ದಿನಕ್ಕೊಂದ್ಸಲ ಬಂದು ಮುಖ ತೋರ್ಸೋನು ದೊಡ್ಡೋನಾ, ದಿನಾ ಬಂದು ಒದ್ದಾಡೋನು ದೊಡ್ಡೋನಾ?"

ಕ್ಯಾಸ್ ತಿರುಗಿದ. ಅವಳು ಕಾದಳು, ಎದುರುತ್ತರ ಬಾಯಲ್ಲಿಟ್ಟುಕೊಂಡು.

"ನೀವು ಹೇಳೋದೇ ಸರಿ," ಎಂದ ಮೆಲ್ಲಗೆ. "ದಿನಾ ಬರೋರಿಗೇ ಕೊಡ್ಬೇಕು."

ಡೊಲೊರೆಸ್ ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟಳು. "ಇಲ್ಲ ಕಣೋ. ಡೂಬಿಯೆಲ್ ಇದ್ನಲ್ಲೋ, ಇಪ್ಪತ್ತಾರು ಆಟ ಗೆಲ್ಸಿದ್ನಲ್ಲೋ. ನಾನೇ ತಪ್ಪು ಹೇಳ್ದೆ. ಬೈಯೋ ನನ್ನ."

"ಅಯ್ಯೋ, ಯಾಕಮ್ಮ ಬೈಲಿ? ಯಾರಿಗೆ ಕೊಟ್ರೇನು." ಅವನು ಸೌಜನ್ಯದಿಂದ ನಕ್ಕ. "ನೀವು ದಿನಾ ಬರ್ತೀರಾ ಇಲ್ಲಿಗೆ? ನಿಮ್ಮೋರು ಯಾರಾದ್ರೂ ಇದಾರಾ?"

"ನನ್ನ ಗಂಡ."

"ಹುಷಾರಾಗ್ತಾರೆ ಬಿಡಿ."

ನಾಳೆ ಯಾವ ಮಾತು ಹಿಡಿದುಕೊಂಡು ಈ ಬಾಗಿಲು ತಟ್ಟಬೇಕೋ ಅವಳಿಗೆ ತಿಳಿಯಲಿಲ್ಲ. ಕ್ಯಾಸ್ ಅವಳೇ ಸುಲಿದು ತುಂಬಿದ್ದ ಬಟ್ಟಲಿನಿಂದ ನಾಲ್ಕು ಬೀಜ ಆರಿಸಿ, ಬಂದ ಅತಿಥಿಗೆ ಕೊಡುವಂತೆ ಮುಂದೆ ಹಿಡಿದ. ಡೊಲೊರೆಸ್ ಎರಡೂ ಕೈ ಒಡ್ಡಿ ತೆಗೆದುಕೊಂಡಳು.